ಟೂಲ್ ಚಿಂತೆ ಬಿಡು, ತಮ್ಮಾ

ಅಣ್ಣ ಅಂತ ಕರ್ದಿದೀಯ, ಅದಕ್ಕೆ ಏಕವಚನದಲ್ಲೇ ಬರೀತೀನಿ, ಬೇಜಾರ್ ಮಾಡ್ಕೋಬೇಡ. ಹೊರದೇಶಕ್ಕೆ ಬಂದು ಎರಡು ತಿಂಗಳಾಯ್ತು, ವೆಬ್ ಡಿಸೈನರ್ ಕೆಲಸಕ್ಕೆ ಇಲ್ಲಿ ಯಾವ ಟೂಲ್ ಕಲೀಬೇಕು, ಕೆಲಸ ಮುಗಿದ್ಮೇಲೆ ನೀವೆಲ್ಲ ಹೊತ್ತು ಹೆಂಗೆ ಕಳೀತೀರ ಅಂತ ಕೇಳಿದೀಯ. ನಾನು ಬಂದು ಹದಿನೇಳು ವರ್ಷ ಆಯ್ತು.

ಟೂಲ್‌ಗೆ ತಲೆ ಕೆಡಿಸ್ಕೋಬೇಡ, ಪೇಜ್ ಡಿಸೈನ್ ಮಾಡೋ ಫಿಗ್ಮಾ ಅಲ್ಲೂ ಅದೇ ಇಲ್ಲೂ ಅದೇ. ನಾನು ದಿನಾ ತೆಗೆಯೋದು ಪೇಜಿನ ಕೋಡ್ ತೋರಿಸೋ ಬ್ರೌಸರ್ ಡೆವ್‌ಟೂಲ್ಸು, ಒಂದು ಕಲರ್ ಪಿಕ್ಕರ್, ಒಂದು ಕಾಂಟ್ರಾಸ್ಟ್ ಚೆಕರ್, ಅಷ್ಟೇ. ಕಾಂಟ್ರಾಸ್ಟ್, ಅಂದ್ರೆ ಅಕ್ಷರಕ್ಕೂ ಹಿನ್ನೆಲೆಗೂ ಇರೋ ತಿಳಿ-ಗಾಢ ವ್ಯತ್ಯಾಸ, ಮಾತ್ರ ಸೀರಿಯಸ್ಸಾಗಿ ತಗೋ, ಮಾಮೂಲಿ ಸೈಜಿನ ಅಕ್ಷರಕ್ಕೆ 4.5:1 ಆದ್ರೂ ಇರ್ಬೇಕು. ನಮಗೆಲ್ಲ ಇಷ್ಟ ಆಗೋ ಆ ತೆಳು ಬೂದು #999 ಇದ್ಯಲ್ಲ, ಬಿಳಿ ಮೇಲೆ ಅದು 3:1 ಕೂಡ ಮುಟ್ಟಲ್ಲ, ಅದಕ್ಕಿಂತ ಗಾಢ ಬೂದು #767676 ಹಾಕಿದ್ರೆ ಬಚಾವ್.

ನಂಗೆ ಕಷ್ಟ ಆಗಿದ್ದು ರಿವ್ಯೂ ಮೀಟಿಂಗು. ಈ ಬಟನ್ ಯಾಕೆ ಇಲ್ಲಿದೆ ಅಂತ ಕೇಳಿದ್ ತಕ್ಷಣ ನಾನು ತಪ್ಪಾಯ್ತು ಅನ್ಕೊಂಡು ಅಲ್ಲೇ ಬದಲಾಯಿಸಿಬಿಡ್ತಿದ್ದೆ, ಒಂದಿನ ಮ್ಯಾನೇಜರ್ರೇ "ನಾನ್ ಕಾರಣ ಕೇಳ್ದೆ ಮಾರಾಯ, ತೆಗಿ ಅಂದ್ನಾ?" ಅನ್ನೋ ಥರ ನೋಡಿದ್ರು. ಕೇಳಿದ್ರೆ ಕಾರಣ ಹೇಳು, ಹೆದರ್ಬೇಡ.

ಇನ್ನೊಂದು, ನೀನು ಹೊರಗಿನವನು ಅನ್ನೋದೇ ಈ ಕೆಲಸದಲ್ಲಿ ಉಪಯೋಗಕ್ಕೆ ಬರುತ್ತೆ. ಬಂದ ಹೊಸದ್ರಲ್ಲಿ ಎಲ್ಲೋ ಒಂದು ಫಾರ್ಮ್ ತುಂಬ್ತಿದ್ದೆ, ಲಾಸ್ಟ್ ನೇಮ್ ಜಾಗದಲ್ಲಿ ನನ್ನ ಒಂದಕ್ಷರದ ಇನಿಷಿಯಲ್ ಹಾಕಿದ್ರೆ ಕೆಂಪಗೆ "ಕನಿಷ್ಠ ಎರಡು ಅಕ್ಷರ" ಅಂತ ಬಂತು, ಸರಿ ಅಂತ ಅದೇ ಅಕ್ಷರ ಎರಡ್ ಸಲ ಒತ್ತಿದೆ, ತಗೊಂಡ್ತು, ಆಮೇಲೆ ವರ್ಷಗಟ್ಟಲೆ ಆ ತೊದಲು ಹೆಸರಿಗೇ ಕಾಗದ ಬರ್ತಿತ್ತು. ನಾನು ಡಿಸೈನ್ ಮಾಡೋ ಫಾರ್ಮಲ್ಲಿ ಈಗ ಪೂರ್ತಿ ಹೆಸರಿಗೆ ಒಂದೇ ಬಾಕ್ಸು. ತಾರೀಖೂ ಅಷ್ಟೇ, 03/04 ಅಂದ್ರೆ ಒಬ್ಬರಿಗೆ ಏಪ್ರಿಲ್ ಇನ್ನೊಬ್ಬರಿಗೆ ಮಾರ್ಚ್, ತಿಂಗಳ ಹೆಸರು ಅಕ್ಷರದಲ್ಲೇ ಬರೆಸ್ತೀನಿ. ಇಂಥವು ನಿಂಗೂ ಚುಚ್ಚುತ್ವೆ, ಚುಚ್ಚಿದ್ದನ್ನ ಬರ್ದಿಟ್ಕೋ.

ಹೊತ್ತು ಕಳೆಯೋದು ಕೇಳ್ದೆ. ನನ್ನ ಹುಚ್ಚು ಅಂದ್ರೆ ಹಳೇ ವೆಬ್‌ಪೇಜ್‌ಗಳ ಕಾಪಿ ಇಟ್ಟಿರೋ ಆರ್ಕೈವ್ ಇದ್ಯಲ್ಲ, ಆ ವೇಬ್ಯಾಕ್ ಮಷೀನಲ್ಲಿ ಹಳೇ ಸೈಟ್ ಹುಡುಕೋದು. ಪೇಜ್ ಜೋಡಿಸೋಕೆ ಟೇಬಲ್ ಒಳಗೆ ಟೇಬಲ್, ಜಾಗ ಬಿಡೋಕೆ ಒಂದು ಪಿಕ್ಸೆಲ್ಲಿನ ಕಾಣದ ಜಿಫ್ ಚಿತ್ರ, ಐಇ6 ಅನ್ನೋ ಹಳೇ ಬ್ರೌಸರಲ್ಲಿ ಒಂದು ಬಾಕ್ಸನ್ನ ಪಕ್ಕಕ್ಕೆ ಫ್ಲೋಟ್ ಮಾಡಿದ್ರೆ ಅದರ ಪಕ್ಕದ ಖಾಲಿ ಜಾಗ, ಮಾರ್ಜಿನ್, ಡಬಲ್ ಆಗಿ ರಾತ್ರಿಯೆಲ್ಲ ತಲೆ ಚಚ್ಕೊಂಡಿದ್ದು (ಕೋಡಲ್ಲಿ ಡಿಸ್‌ಪ್ಲೇ ಇನ್‌ಲೈನ್ ಅಂತ ಹಾಕಿದ್ರೆ ಸರಿಹೋಗ್ತಿತ್ತು, ಯಾಕೆ ಅಂತ ಕೇಳ್ಬೇಡ). 2006ರಲ್ಲಿ ಪೇಜಿನ ಕೋಡನ್ನ ಬ್ರೌಸರಲ್ಲೇ ಬಿಚ್ಚಿ ತೋರಿಸೋ ಫೈರ್‌ಬಗ್ ಬಂದಾಗ ಕುರುಡನಿಗೆ ಕಣ್ಣು ಬಂದಂಗಾಗಿತ್ತು. ಫ್ಲ್ಯಾಶ್ ಅನ್ನೋ ಆನಿಮೇಷನ್ ಪ್ಲಗಿನ್ನಲ್ಲಿ ಮಾಡಿದ ಇಂಟ್ರೋಗಳಂತೂ 2020ರ ಕೊನೆಗೆ ಫ್ಲ್ಯಾಶ್ ಜೊತೆಗೇ ಹೋದ್ವು, ನಿಜ ಹೇಳ್ಬೇಕಂದ್ರೆ ಅವು ಹೋಗಿದ್ದೇ ಒಳ್ಳೇದಾಯ್ತು.

ನನ್ನ ಮೊದಲ್ನೇ ಪೇಜ್ ಇದ್ದಿದ್ದು ಪುಕ್ಕಟೆ ವೆಬ್‌ಪೇಜ್ ಕೊಡ್ತಿದ್ದ ಜಿಯೋಸಿಟೀಸಲ್ಲಿ, ಅದು 2009ರಲ್ಲಿ ಮುಚ್ತು. ನನ್ ಹತ್ರ ಕಾಪಿ ಇರ್ಲಿಲ್ಲ, ಅದಕ್ಕೇ ಹೇಳ್ತೀನಿ, ನೀನು ಮನೇಲಿ ಬಿಟ್ಟ್ ಬಂದಿರೋ ಹಾರ್ಡ್‌ಡಿಸ್ಕ್ ಮೊದಲು ತರಿಸ್ಕೋ. ಹೋದ ಚಳಿಗಾಲದಲ್ಲಿ ಆರ್ಕೈವಲ್ಲಿ ಆ ಪೇಜ್ ಸಿಕ್ತು. ಚಿತ್ರ ಒಂದೂ ಇಲ್ಲ, ಎಷ್ಟು ಜನ ಬಂದ್ರು ಅಂತ ಎಣಿಸೋ ಹಿಟ್ ಕೌಂಟರ್ ಜಾಗ ಖಾಲಿ. ಅಕ್ಷರ ಓಡಿಸೋ ಮಾರ್ಕೀ ಟ್ಯಾಗ್ ಮಾತ್ರ ಇವತ್ತಿನ ಬ್ರೌಸರಲ್ಲೂ "ಸೈಟ್ ತಯಾರಾಗುತ್ತಿದೆ, ಸ್ವಲ್ಪ ದಿನ ಬಿಟ್ಟು ಬನ್ನಿ" ಅಂತ ಬಲದಿಂದ ಎಡಕ್ಕೆ ಓಡ್ತಾನೇ ಇತ್ತು.