ಐಸ್ ಹಾಕಿ: ಕಾರ್ಲ್ಸನ್‌ಗಿಂತ ಲಿಡ್‌ಸ್ಟ್ರೋಮ್ ಮೇಲಾ?

ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನ ಒಂದೇ ಸೀಸನ್‌ನಲ್ಲಿ 101 ಪಾಯಿಂಟ್ (ಹಾಕಿದ ಗೋಲ್, ಗೋಲ್‌ಗೆ ಕೊಟ್ಟ ನೆರವು ಎರಡೂ ಸೇರಿ) ಗಳಿಸಿದ ಡಿಫೆನ್ಸ್ ಆಟಗಾರ ಕಾರ್ಲ್ಸನ್‌ಗಿಂತ, ಅದೇ ಜಾಗದಲ್ಲಿ ಆಡ್ತಿದ್ದ ಲಿಡ್‌ಸ್ಟ್ರೋಮ್ ಹೇಗೆ ಮೇಲು ಅಂತ ಕೇಳಿದ್ದೀರಿ. ಕಾರ್ಲ್ಸನ್ ಅಷ್ಟು ಗಳಿಸಿದ 2022-23ರಲ್ಲಿ ಅವರ ತಂಡ ಸ್ಯಾನ್ ಹೋಸೆ ಪ್ಲೇಆಫ್‌ಗೇ ಬರಲಿಲ್ಲ, ವರ್ಷದ ಶ್ರೇಷ್ಠ ಡಿಫೆನ್ಸ್ ಆಟಗಾರನಿಗೆ ಕೊಡೋ ನಾರಿಸ್ ಟ್ರೋಫಿ ಮಾತ್ರ ಅವರಿಗೇ ಸಿಕ್ತು.

ಲಿಡ್‌ಸ್ಟ್ರೋಮ್ ಆಟ ನೋಡೋಕೆ ಸಪ್ಪೆ ಅನ್ನಿಸಬಹುದು. ಮೈಮೇಲೆ ಬೀಳ್ತಿರಲಿಲ್ಲ, ಸ್ಟಿಕ್ ಚಾಚಿ ಪಕ್ (ಚೆಂಡಿನ ಬದಲು ಬಳಸೋ ರಬ್ಬರ್ ಬಿಲ್ಲೆ) ಕಿತ್ತು, ಪಾಸ್ ಕೊಟ್ಟು ಸುಮ್ಮನಾಗ್ತಿದ್ರು. ಆದ್ರೆ 2002ರ ಪ್ಲೇಆಫ್‌ನಲ್ಲಿ ಅವರ ತಂಡ ಡೆಟ್ರಾಯಿಟ್ ವ್ಯಾಂಕೂವರ್ ಎದುರು ಮೊದಲೆರಡೂ ಪಂದ್ಯ ಸೋತಿತ್ತು. ಮೂರನೆಯದರಲ್ಲಿ ಮಧ್ಯಗೆರೆ ಹತ್ತಿರದಿಂದ ಹೊಡೆದು ಗೋಲ್ ಹಾಕಿದ್ದು ಇವರೇ! ಆಮೇಲೆ ತಂಡಕ್ಕೆ ಲೀಗ್‌ನ ಸ್ಟ್ಯಾನ್ಲಿ ಕಪ್ಪೂ ಬಂತು, ಇವರಿಗೆ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ.

ಹಾಗಂತ ಕಪ್ ಎಣಿಸಿ ಅಳೆಯೋದು ನನಗೆ ಒಪ್ಪಿಗೆಯಿಲ್ಲ. ಐದು ನಾರಿಸ್ ಗೆದ್ದ ರೇ ಬೋರ್ಕ್‌ಗೆ ಬಾಸ್ಟನ್ ತಂಡದಲ್ಲಿ ಒಂದೂ ಕಪ್ ಸಿಗಲಿಲ್ಲ. 2001ರಲ್ಲಿ ಕೊಲೊರಾಡೊ ತಂಡದಲ್ಲಿ ಸಿಕ್ತು, ಯಾಕೆಂದ್ರೆ ಅಲ್ಲಿ ಸ್ಟಾರ್ ಆಟಗಾರ ಸ್ಯಾಕಿಕ್ ಇದ್ದರು, ಗೋಲಿ ರುವಾ ಇದ್ದರು.