ಇಂಟರ್ವಲ್‌ನಲ್ಲಿ ಇಳಿಯುವ ಕಬ್ಬಿಣದ ಪರದೆ

ಪ್ರಶ್ನೆ: ಮಗಳನ್ನು ನೋಡಲು ಲಂಡನ್‌ಗೆ ಹೋದಾಗ ಒಂದು ನಾಟಕ ನೋಡಿದೆ. ಇಂಟರ್ವಲ್‌ನಲ್ಲಿ ಗೋಡೆಯಂಥ ಪರದೆ ಮೆಲ್ಲಗೆ ಇಳಿದು, ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ ಹೋಯಿತು. ಯಾಕೆ? ನಮ್ಮ ಕಂಪನಿ ನಾಟಕಗಳಲ್ಲಿ ಅದು ಯಾಕಿಲ್ಲ?
- ಓದುಗರೊಬ್ಬರು, ಬಾದಾಮಿ

ಉತ್ತರ: ಅದು ಬೆಂಕಿ ತಡೆಯುವ ಪರದೆರೀ. ಅಲ್ಲಿನ ರಂಗದವರು ಈಗಲೂ ಅದನ್ನು ‘ಐರನ್’ ಅಂತಲೇ ಕರೆಯುತ್ತಾರೆ. ಬಟ್ಟೆ, ಹಗ್ಗ, ಕಟ್ಟಿಗೆ, ಬಣ್ಣ ಬಳಿದ ಸೀನು, ಕಾದ ಲೈಟು ಎಲ್ಲಾ ಇರುವುದು ಸ್ಟೇಜಿನ ಮೇಲೆ ತಾನೆ? ಅಲ್ಲಿ ಬೆಂಕಿ ಹತ್ತಿದರೆ ಈ ಪರದೆ ಇಳಿಸಿ ಜನರನ್ನು ಬೆಂಕಿಯಿಂದ ಬೇರೆ ಮಾಡುತ್ತಾರೆ. ಸ್ಟೇಜಿನ ಮಾಳಿಗೆಯಲ್ಲಿರುವ ಕಿಂಡಿ ತೆರೆದು ಹೊಗೆ ಮೇಲೆ ಹೋಗುತ್ತದೆ, ನಮ್ಮ ಹಳೇ ಮನೆಗಳ ಬೆಳಕಿಂಡಿ ಇದ್ದ ಹಾಗೆ. 1887ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ನಾಟಕದ ನಡುವೆ ಬೆಂಕಿ ಬಿದ್ದು 186 ಜನ ಸತ್ತ ಮೇಲೆ ಅಲ್ಲಿ ಈ ಪರದೆಯ ಬಗ್ಗೆ ಪಟ್ಟು ಹಿಡಿದರು.

ಜನರ ಕಣ್ಣೆದುರೇ ಪ್ರತಿ ಆಟಕ್ಕೂ ಇಳಿಸುವುದು ಸುಮ್ನೆ ಅಲ್ಲ, ಅದು ಸರಿಯಾಗಿ ಇಳಿಯುತ್ತದೋ ಇಲ್ಲವೋ ಅಂತ ನೋಡಲಿಕ್ಕೆ. 1903ರ ಡಿಸೆಂಬರ್ 30ರಂದು ಚಿಕಾಗೋದ ಇರೋಕ್ವಾ ಥಿಯೇಟರಿಗೆ ಬೆಂಕಿ ಬಿತ್ತು. ಶುರುವಾಗಿ ಆರು ವಾರವೂ ಆಗಿರಲಿಲ್ಲ, ಪರದೆಯೂ ಇತ್ತು, ಆದರೆ ಅರ್ಧಕ್ಕೇ ಸಿಕ್ಕಿಕೊಂಡಿತು. ಎಷ್ಟೋ ಬಾಗಿಲಿಗೆ ಬೀಗ, ಕೆಲವು ಒಳಕ್ಕೆ ತೆರೆಯುವಂಥವು, ಜನ ನೂಕಿದಷ್ಟೂ ಅವು ಮುಚ್ಚಿಕೊಂಡೇ ಇದ್ದವು. 600ಕ್ಕೂ ಜಾಸ್ತಿ ಜನ ಸತ್ತರು. 1911ರಲ್ಲಿ ಎಡಿನ್‌ಬರೋದ ಎಂಪೈರ್ ಥಿಯೇಟರಿಗೆ ಬೆಂಕಿ ಬಿದ್ದಾಗ ಪರದೆ ಇಳಿಸಿದರು, ವಾದ್ಯದವರು ರಾಷ್ಟ್ರಗೀತೆ ಬಾರಿಸಿದರು, ಸುಮಾರು 3000 ಪ್ರೇಕ್ಷಕರು ಎದ್ದು ಹೊರಗೆ ಬಂದರು. ಪರದೆಯ ಆಚೆ ಉಳಿದ ಕಲಾವಿದರಲ್ಲಿ ಹಲವರು ಬದುಕಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಮ್ಮ ಕಂಪನಿಗಳದು ತಗಡಿನ ಥಿಯೇಟರು. ಇವತ್ತು ಕಟ್ಟಿ ತಿಂಗಳಿಗೆ ಬಿಚ್ಚುವ ಕಂಬಗಳು ಅಷ್ಟು ಭಾರ ತಡೆಯುವುದಿಲ್ಲ. ಅದಕ್ಕೇ ನನ್ನ ಕಣ್ಣು ಮೊದಲು ಹೋಗುವುದು ಬಾಗಿಲ ಕಡೆ. ಬನಶಂಕರಿ ಜಾತ್ರೆಯಲ್ಲಿ ಒಮ್ಮೆ ನಡುರಾತ್ರಿ ಮಗುವಿಗೆ ನೀರು ತರಲು ಎದ್ದೆ. ಪಕ್ಕದ ಬಾಗಿಲಿಗೆ ಕಬ್ಬಿಣದ ತಂತಿಯನ್ನು ನಾಲ್ಕು ಸುತ್ತು ಸುತ್ತಿ ಇಕ್ಕಳದಲ್ಲಿ ತಿರುವಿದ್ದರು, ಪುಕ್ಕಟೆ ನುಗ್ಗುವವರನ್ನು ತಡೆಯಲಿಕ್ಕಂತೆ. ಬೆರಳಿಂದ ಬಿಚ್ಚಲು ನೋಡಿದೆ, ಆಗಲಿಲ್ಲ. ಒಳಗೆ ಹೆಂಗಸರು, ಮಕ್ಕಳು ಚಾಪೆ ಮೇಲೆ ತುಂಬಿಹೋಗಿದ್ದರು. ಆಮೇಲೆ ನಾಟಕದಲ್ಲಿ ಏನಾಯಿತೋ ನನಗೆ ಗೊತ್ತಾಗಲೇ ಇಲ್ಲ. 1997ರಲ್ಲಿ ದೆಹಲಿಯ ಉಪಹಾರ್ ಸಿನೆಮಾದಲ್ಲಿ 59 ಜನ ಸತ್ತಾಗಲೂ ಮುಚ್ಚಿದ ದಾರಿಗಳ ಮಾತೇ ಬಂತಲ್ವಾ?

ಪ್ರಶ್ನೆ: ಓಣಿಯ ಹುಡುಗರು ಸೇರಿ ನಾಟಕ ಹಾಕಿದ್ದೇವೆ. ನಾಂದಿಯ ಕರ್ಪೂರದಾರತಿ ಬಿಡಬೇಕಾ?
- ಓದುಗ, ಗುಳೇದಗುಡ್ಡ

ಉತ್ತರ: ಬಿಡಬೇಡ ತಮ್ಮಾ. ಪರದೆಯಿಂದ ನಾಲ್ಕು ಹೆಜ್ಜೆ ಮುಂದೆ ಬಂದು ಮಾಡಿ. ಸಿಂಥೆಟಿಕ್ ಬಟ್ಟೆ ಉರಿದರೆ ಕರಗಿ ಮೈಗೆ ಅಂಟುತ್ತದೆ, ಆರತಿ ಹಿಡಿಯುವವನಿಗೆ ಅಂಥ ಉಡುಪು ಬೇಡ. ಸೈಡ್ ವಿಂಗಿನಲ್ಲಿ ಮರಳಿನ ಬಕೆಟ್ ಇಟ್ಟು ಒಬ್ಬ ಹುಡುಗನನ್ನು ನಿಲ್ಲಿಸಿ, ಅವನಿಗೆ ಪಾತ್ರ ಕೊಡಬೇಡಿ. ಮೇನ್ ಸ್ವಿಚ್ ಎಲ್ಲಿದೆ ಅಂತ ಅವನಿಗೆ ಗೊತ್ತಿರಲಿ, ವೈರಿನ ಬೆಂಕಿಗೆ ನೀರು ಹಾಕಬಾರದು ಅನ್ನುವುದೂ. ಬಾಗಿಲು ಎಲ್ಲೆಲ್ಲಿವೆ ಅಂತ ಮೊದಲೇ ಮೈಕಿನಲ್ಲಿ ಹೇಳಿ. ಅವಕ್ಕೆ ತಂತಿ ಮಾತ್ರ ಸುತ್ತಬೇಡಿ, ಟಿಕೆಟ್ ಇಲ್ಲದ ನಾಲ್ಕು ಜನ ಒಳಗೆ ಬಂದರೆ ಬರಲಿ.