ಮನೆ ಬಿಯರ್‌ಗೆ ಮಾಲ್ಟ್ ಒಡೆಯೋ ಮಿಲ್ ನಾವೇ ಕಟ್ಕೋಬಹುದಾ? ಮಿಕ್ಸಿ ಸಾಕಾಗಲ್ವಾ?

ಮಾಲ್ಟ್, ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ಒಡೆಯೋ ಮಿಲ್ ಖಂಡಿತ ಕಟ್ಕೋಬಹುದು, ನಾನು ಇಲ್ಲಿ ಅಮೆರಿಕದ ಒಹಾಯೋದಲ್ಲಿ ಗ್ಯಾರೇಜಲ್ಲಿ ಕಟ್ಟಿರೋದನ್ನೇ ಬಳಸ್ತಾ ಇದೀನಿ. ನೀವು ಊರಿಂದ ತಂದಿರೋ ಮಿಕ್ಸೀಲಿ ಆಗುತ್ತಾ ಅಂತ ಕೇಳಿದೀರ, ಅದು ಮಾತ್ರ ಬೇಡ.

ಯಾಕಂದ್ರೆ ನಮಗೆ ಬೇಕಿರೋದು ಹಿಟ್ಟಲ್ಲ. ಬಾರ್ಲಿ ಮಾಲ್ಟಿನ ಒಳಗಿನ ಬಿಳಿ ಭಾಗ ನುಚ್ಚಾಗ್ಬೇಕು, ಮೇಲಿನ ಸಿಪ್ಪೆ ಆದಷ್ಟೂ ಇಡಿಯಾಗಿ ಉಳೀಬೇಕು. ಸುಮಾರು 65 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಒಂದು ಗಂಟೆ ಬಿಟ್ಟು ಆಮೇಲೆ ಸಿಹಿ ರಸ ಕೆಳಗಿಂದ ಇಳಿಸ್ತೀವಲ್ಲ, ಆಗ ಆ ಸಿಪ್ಪೆಗಳೇ ಒಂದರ ಮೇಲೊಂದು ಕೂತು ಜರಡಿ ಥರ ರಸ ಸೋಸ್ತವೆ. ಮಿಕ್ಸಿ ಬ್ಲೇಡು ಸಿಪ್ಪೇನೂ ಪುಡಿ ಮಾಡುತ್ತೆ, ಅರ್ಧ ಕಾಳು ಹಿಟ್ಟು, ಅರ್ಧ ಹಾಗೇ, ಕೊನೆಗೆ ತಳದಲ್ಲಿ ಗಂಜಿ ಕಟ್ಕೊಂಡು ನಲ್ಲಿಯಿಂದ ಒಂದು ಹನೀನೂ ಬರಲ್ಲ. ಹಿಟ್ಟಿನ ಗಿರಣೀನೂ ಅಷ್ಟೇ.

ಅದಕ್ಕೇ ಎರಡು ರೋಲರ್ ಇರೋ ಮಿಲ್ ಬೇಕು. ಒಂದೂವರೆ ಇಂಚು ದಪ್ಪ, ಆರಿಂಚು ಉದ್ದದ ಎರಡು ಸ್ಟೀಲ್ ರಾಡ್ ತಗೊಂಡು ಲೇತ್ ಇರೋ ವರ್ಕ್‌ಶಾಪಲ್ಲಿ ಎರಡೂ ತುದಿ ಕಡೆದು ಶಾಫ್ಟ್ ಮಾಡ್ಸಿ, ಮೈ ಮೇಲೆ ನರ್ಲಿಂಗ್, ಅಂದ್ರೆ ಹಿಡಿತಕ್ಕೆ ಒರಟಾದ ಸಣ್ಣ ಗೀರುಗಳು, ಹಾಕ್ಸಿ. ನರ್ಲಿಂಗ್ ಬಿಡ್ಬೇಡಿ, ಮೈ ನುಣುಪಾಗಿದ್ರೆ ಕಾಳು ಒಳಗೆ ಎಳ್ಕೊಳ್ಳದೆ ಮೇಲೇ ಕುಣೀತಾ ಇರುತ್ತೆ, ರೋಲರ್ ತೀರಾ ಸಣ್ಣ ಇದ್ರೂ ಅದೇ ಗತಿ. ಎರಡೂ ಪಕ್ಕಕ್ಕೆ ಅರ್ಧ ಇಂಚಿನ ಅಲ್ಯೂಮಿನಿಯಂ ಪ್ಲೇಟು, ಅದರೊಳಗೆ ಶಾಫ್ಟ್ ತಿರುಗೋಕೆ ಕಂಚಿನ ಬುಷ್ (ಬಳೆ). ಶಾಫ್ಟಿಗೆ ಡ್ರಿಲ್ ಮಷಿನ್ ಸಿಕ್ಕಿಸಿ ಒಂದು ರೋಲರ್ ತಿರುಗಿಸಿದ್ರೆ ಸಾಕು, ಇನ್ನೊಂದು ಕಾಳಿನ ಒತ್ತಡಕ್ಕೆ ತಾನೇ ತಿರುಗುತ್ತೆ.

ನನ್ನ ಕೇಳಿದ್ರೆ ಮೋಟರ್ ಬಗ್ಗೆ ತಲೆ ಕೆಡಿಸ್ಕೊಳ್ಳೋ ಬದ್ಲು ಎರಡು ರೋಲರ್ ನಡುವಿನ ಗ್ಯಾಪ್ ಮೇಲೆ ಅಷ್ಟೂ ಶ್ರಮ ಹಾಕಿ. ಒಂದು ರೋಲರ್ ಜಾಗದಲ್ಲೇ ಇರ್ಲಿ, ಇನ್ನೊಂದಕ್ಕೆ ಪ್ಲೇಟಲ್ಲಿ ಉದ್ದ ಸ್ಲಾಟ್ ಕೊಯ್ದು ಬೋಲ್ಟ್ ಹಾಕಿ ಹಿಂದೆ ಮುಂದೆ ಸರಿಯೋ ಥರ ಮಾಡ್ಕೊಳ್ಳಿ. ಫೀಲರ್ ಗೇಜ್ (ಸಂದು ಅಳೆಯೋ ತೆಳು ಲೋಹದ ಪಟ್ಟಿಗಳು) ತೂರಿಸಿ ಎರಡೂ ತುದೀಲಿ ಅಳೀರಿ, ಒಂದು ಕಡೆ 1 ಮಿಲಿಮೀಟರ್ ಇನ್ನೊಂದು ಕಡೆ 1.3 ಬಂದ್ರೆ ಒಂದು ಪಕ್ಕದ ಕಾಳು ಒಡೆಯದೇ ಜಾರ್ಕೊಂಡು ಹೋಗುತ್ತೆ. ಬಾರ್ಲಿಗೆ 1 ಮಿಲಿಮೀಟರಿಂದ ಶುರು ಮಾಡಿ ಒಂದು ಹಿಡಿ ಒಡೆದು ಅಂಗೈ ಮೇಲೆ ಹರಡಿ ನೋಡಿ, ಇಡೀ ಕಾಳು ಜಾಸ್ತಿ ಕಂಡ್ರೆ ಸ್ವಲ್ಪ ಬಿಗಿ ಮಾಡಿ, ಸಿಪ್ಪೆ ಚೂರಾಗ್ತಿದ್ರೆ ಸಡಿಲ ಮಾಡಿ. ಗೋಧಿ ಮಾಲ್ಟಿನ ಕಾಳು ಸಣ್ಣ, ಗಟ್ಟಿ ಬೇರೆ, ಅದಕ್ಕೆ 0.8 ಹತ್ರ ಬೇಕಾಗುತ್ತೆ, ಅದಕ್ಕೆ ಸಿಪ್ಪೇನೂ ಇರಲ್ಲ, ಹಾಗಾಗಿ ಗೋಧಿ ಜಾಸ್ತಿ ಹಾಕೋ ಬಿಯರಿಗೆ ಒಂದಷ್ಟು ಭತ್ತದ ಹೊಟ್ಟು ಬೆರೆಸ್ಕೊಳ್ಳಿ.

ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟ. ಒಡೆಯೋಕೆ ಹತ್ತು ನಿಮಿಷ ಮುಂಚೆ ಮಾಲ್ಟ್ ತೂಕದ ನೂರಕ್ಕೆ 2 ಭಾಗದಷ್ಟು ನೀರು ಸ್ಪ್ರೇ ಮಾಡಿ ಕೈಯಾಡಿಸಿ ಬಿಡಿ. ಸಿಪ್ಪೆ ಮೆತ್ತಗಾಗಿ ಹರಿಯಲ್ಲ, ಒಳಗಿನದು ಒಣಗೇ ಇದ್ದು ಚೆನ್ನಾಗಿ ಒಡೆಯುತ್ತೆ, ಧೂಳೂ ಕಮ್ಮಿ.

ಡ್ರಿಲ್ಲನ್ನ ಲೋ ಗೇರಲ್ಲಿ 150ರಿಂದ 200 ಆರ್‌ಪಿಎಂ ಒಳಗೇ ಓಡಿಸಿ, ಜೋರಾಗಿ ಓಡಿಸಿದ್ರೆ ಸಿಪ್ಪೆ ಹರೀತದೆ. ರೋಲರ್ ತಿರುಗೋಕೆ ಶುರುವಾದ್ಮೇಲೇ ಕಾಳು ಸುರೀರಿ, ಇಲ್ಲಾಂದ್ರೆ ಸಿಕ್ಕಾಕ್ಕೊಳ್ಳುತ್ತೆ. ಕಾಳು ಸುರಿಯೋ ಹಾಪರ್ ಪ್ಲೈವುಡ್ಡಲ್ಲಿ ಮಾಡಿ, ಕೆಳಗೆ ಬಕೆಟ್ ಇಡಿ, ಅದರಲ್ಲಿ ಹೇಳೋಂಥದ್ದೇನಿಲ್ಲ. ಆದ್ರೆ ಬಿಯರ್ ಹುದುಗೋ ಜಾಗದಲ್ಲಿ ಮಾತ್ರ ಒಡೀಬೇಡಿ, ಮಾಲ್ಟ್ ಧೂಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾ ಇರುತ್ತೆ, ಬಿಯರ್ ಹುಳಿ ಬರುತ್ತೆ. ಮಾಸ್ಕ್ ಹಾಕ್ಕೊಳ್ಳಿ. ರೋಲರ್ ನೀರಲ್ಲಿ ತೊಳೀಬೇಡಿ, ತುಕ್ಕು ಹಿಡಿಯುತ್ತೆ, ಒಣ ಬ್ರಷ್ ಸಾಕು.

ಇದನ್ನ ಕರ್ನಾಟಕದಲ್ಲಿ ಓದ್ತಿರೋರಿಗೆ ಒಂದು ಮಾತು: ಇಲ್ಲಿ ಅಮೆರಿಕದಲ್ಲಿ 1978ರ ಕಾನೂನಿನಿಂದ ಸ್ವಂತಕ್ಕೆ ಬಿಯರ್ ಮಾಡೋಕೆ ಫೆಡರಲ್ ಅನುಮತಿ ಸಿಕ್ತು, ಇಬ್ಬರು ವಯಸ್ಕರಿರೋ ಮನೆಗೆ ವರ್ಷಕ್ಕೆ 200 ಗ್ಯಾಲನ್. ನಮ್ಮ ಕರ್ನಾಟಕದಲ್ಲಿ ಅಬಕಾರಿ ಲೈಸೆನ್ಸ್ ಇಲ್ದೆ ಮಾಡೋ ಹಾಗಿಲ್ಲ.

ಲೇತ್ ಕೆಲಸ ಮಾಡ್ಕೊಡೋರು ಸಿಗದಿದ್ರೆ ಮೆಕ್ಕೆಜೋಳ ಒಡೆಯೋ ಕೊರೋನಾ ಮಿಲ್ (ಎರಡು ಪ್ಲೇಟ್ ಮಧ್ಯೆ ಕಾಳು ಅರೆಯೋ ಕೈಗಿರಣಿ) ತಗೊಳ್ಳಿ, ಅಗ್ಗ. ಅದರ ಎರಡು ಪ್ಲೇಟು ಅಲ್ಲಾಡ್ತಿರುತ್ತೆ, ವಾಷರ್ ಕೊಟ್ಟು ನೇರ ಮಾಡ್ಕೋಬೇಕು. ಹಿಟ್ಟು ಸ್ವಲ್ಪ ಜಾಸ್ತಿ ಬರುತ್ತೆ ನಿಜ, ಆದ್ರೆ ನೀವು ಮಾಲ್ಟನ್ನ ಬಟ್ಟೆ ಚೀಲದಲ್ಲಿ ಕಟ್ಟಿ ನೆನೆಸೋರಾದ್ರೆ ಸೋಸೋ ಕೆಲಸ ಚೀಲದ್ದೇ ಆಗಿರೋದ್ರಿಂದ ಅದರಲ್ಲೇ ಆರಾಮಾಗಿ ನಡೆಯುತ್ತೆ.